ಕ್ಯಾನಿಂಗ್ ಟೌನಿನ ಮುಚ್ಚಿದ ಸಂದುಗಳು

ಲಂಡನ್ನಿನ ಪೂರ್ವದಲ್ಲಿ, ಲೀ ನದಿ ಥೇಮ್ಸನ್ನು ಸೇರುವ ಕಡೆ ಕ್ಯಾನಿಂಗ್ ಟೌನ್ ಇದೆ. ಇನ್ನೂರು ವರ್ಷದ ಹಿಂದೆ ಅಲ್ಲಿ ಊರಿರಲಿಲ್ಲ, ಜೌಗು ನೆಲವಿತ್ತು. ಭರತ ಬಂದಾಗ ನದಿಯ ನೀರು ನೆಲಕ್ಕಿಂತ ಮೇಲಿರುತ್ತಿತ್ತು. 1844ರಲ್ಲಿ ಲಂಡನ್ನಿಗೆಂದು ಕಟ್ಟಡ ಕಾಯ್ದೆ ಬಂತು. ಅದರ ಎಲ್ಲೆ ಲೀ ನದಿ. ನಗರದೊಳಗೆ ಇರಗೊಡದ ನಾತದ ಕಾರ್ಖಾನೆಗಳು ನದಿ ದಾಟಿ ಈ ಜೌಗಿಗೆ ಬಂದವು. 1855ರಲ್ಲಿ ವಿಕ್ಟೋರಿಯಾ ಹಡಗುಕಟ್ಟೆ ತೆರೆಯಿತು. ಕೂಲಿ ಹುಡುಕಿ ಬಂದವರಿಗೆ ಆ ಹಸಿ ನೆಲದ ಮೇಲೆಯೇ ಸಾಲು ಮನೆಗಳು ಎದ್ದವು. ಚರಂಡಿಯಿಲ್ಲದ ಆ ಮನೆಗಳ ಸ್ಥಿತಿಯನ್ನು 1857ರಲ್ಲಿ ಹೆನ್ರಿ ಮಾರ್ಲಿ ಎಂಬ ಲೇಖಕ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಬರೆದ. ಈ ಊರಿನ ಮನೆಗಳಿಗೆ ಹುಟ್ಟಿನಿಂದಲೇ ಕುಂದು ಅಂಟಿಕೊಂಡಿತ್ತು.

ಆದರೆ ಊರು ದುಡಿಮೆಯ ಊರು. ಕಬ್ಬಿಣದ ಯುದ್ಧನೌಕೆ ವಾರಿಯರ್ 1860ರಲ್ಲಿ ನೀರಿಗಿಳಿದದ್ದು ಇಲ್ಲಿನ ಥೇಮ್ಸ್ ಐರನ್‌ವರ್ಕ್ಸ್ ಕಾರ್ಖಾನೆಯಿಂದ. ಆ ಕಾರ್ಖಾನೆಯ ಕೆಲಸಗಾರರು 1895ರಲ್ಲಿ ಕಟ್ಟಿಕೊಂಡ ಫುಟ್‌ಬಾಲ್ ತಂಡವೇ ಮುಂದೆ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಕಾರ್ಮಿಕ ನಾಯಕ ಕೀರ್ ಹಾರ್ಡಿಯನ್ನು 1892ರಲ್ಲಿ ಮೊದಲ ಬಾರಿಗೆ ಪಾರ್ಲಿಮೆಂಟಿಗೆ ಕಳಿಸಿದ್ದೂ ಈ ಭಾಗದ ಮತದಾರರೇ.

1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಹಡಗುಕಟ್ಟೆಗೆ ಬಾಂಬು ಸುರಿದವು. ಮನೆ ಕಳೆದುಕೊಂಡವರು ಸೌತ್ ಹಾಲ್ಸ್‌ವಿಲ್ ಶಾಲೆಯಲ್ಲಿ ಸೇರಿ, ಸುರಕ್ಷಿತ ಜಾಗಕ್ಕೆ ಒಯ್ಯುವ ಬಸ್ಸುಗಳಿಗೆ ಕಾದರು. ಬಸ್ಸುಗಳು ಬರಲಿಲ್ಲ. 10ನೇ ತಾರೀಖಿನ ನಸುಕಿನಲ್ಲಿ ಶಾಲೆಯ ಮೇಲೆಯೇ ಬಾಂಬು ಬಿತ್ತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 77 ಮಂದಿ. ಊರಿನವರು ಇಂದಿಗೂ ಆ ಲೆಕ್ಕ ಒಪ್ಪುವುದಿಲ್ಲ. ನೂರಾರು ಜನ ಸತ್ತರೆಂದು ಹೇಳುತ್ತಾರೆ. ಜನರ ಮಾತು ಒಂದು ಕಡೆ, ಕಚೇರಿಯ ಕಾಗದ ಇನ್ನೊಂದು ಕಡೆ ಎಂಬುದು ಈ ಊರಿನ ಚರಿತ್ರೆಯಲ್ಲಿ ಮತ್ತೂ ಒಮ್ಮೆ ನಡೆಯುವುದಿತ್ತು.

ಯುದ್ಧ ಮುಗಿದಾಗ, ಕ್ಯಾನಿಂಗ್ ಟೌನ್ ಸೇರಿದ್ದ ವೆಸ್ಟ್ ಹ್ಯಾಮ್‌ನ ಕಾಲುಭಾಗಕ್ಕೂ ಹೆಚ್ಚು ಮನೆಗಳು ನೆಲಸಮವಾಗಿದ್ದವು. ಮನೆಗಾಗಿ ಕಾದವರ ಪಟ್ಟಿ ಉದ್ದ, ಜಾಗ ಕಡಿಮೆ. 1956ರ ಕಾಯ್ದೆಯ ಪ್ರಕಾರ ಕಟ್ಟಡ ಎತ್ತರವಾದಷ್ಟೂ ಪ್ರತಿ ಮನೆಗೆ ಸಿಗುವ ಸರ್ಕಾರದ ಸಹಾಯಧನ ಹೆಚ್ಚುತ್ತಿತ್ತು. 1965ರಲ್ಲಿ ಹುಟ್ಟಿದ ಸ್ಥಳೀಯ ಆಡಳಿತ ನ್ಯೂಹ್ಯಾಮ್ ಕೌನ್ಸಿಲ್ ಇಲ್ಲಿನ ಫ್ರೀಮೇಸನ್ಸ್ ಬಡಾವಣೆಯಲ್ಲಿ ಒಂಬತ್ತು ಗೋಪುರಗಳನ್ನು ನಿಲ್ಲಿಸಿತು. ಅವುಗಳಲ್ಲೊಂದು ರೋನಾನ್ ಪಾಯಿಂಟ್: 22 ಅಂತಸ್ತು, 110 ಮನೆ.

ಕಟ್ಟಿದ ಬಗೆ ಡೆನ್ಮಾರ್ಕಿನದು, ಹೆಸರು ಲಾರ್ಸನ್-ನೀಲ್ಸನ್. ಗೋಡೆಯನ್ನೂ ಚಾವಣಿಯನ್ನೂ ಕಾರ್ಖಾನೆಯಲ್ಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಒಂದರ ಮೇಲೊಂದು ಕೂರಿಸುವುದು. ಕಂಬವಿಲ್ಲ, ತೊಲೆಯಿಲ್ಲ. ಮೇಲಿನ ಗೋಡೆಯ ಭಾರ ಕೆಳಗಿನ ಗೋಡೆಗೆ, ಅದರದ್ದು ಅದರ ಕೆಳಗಿನದಕ್ಕೆ. ಇಂಥ ಕಟ್ಟಡದ ಜೀವವಿರುವುದು ಸಂದುಗಳಲ್ಲಿ. ಚಪ್ಪಡಿ ಚಪ್ಪಡಿ ಕೂಡುವಲ್ಲಿ ಗಾರೆ ಒತ್ತಿ ತುಂಬಿದ್ದರೆ ಮನೆ, ಇಲ್ಲದಿದ್ದರೆ ಬರೀ ಪೇರಿಸಿಟ್ಟ ಚಪ್ಪಡಿ. ಮೊದಲಿಗೆ ಆರು ಅಂತಸ್ತಿನವರೆಗೆ ಎಂದು ರೂಪಿಸಿದ್ದ ವಿಧಾನವನ್ನು ಇಲ್ಲಿ 22ಕ್ಕೆ ಏರಿಸಿದ್ದರು.

1968ರ ಮಾರ್ಚಿನಲ್ಲಿ ಜನ ವಾಸಕ್ಕೆ ಬಂದರು. ಮೇ 16ರ ಬೆಳಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ, 18ನೇ ಮಹಡಿಯಲ್ಲಿ ಒಬ್ಬ ಹೆಂಗಸು ಚಹಾಕ್ಕೆ ನೀರಿಡಲು ಕಡ್ಡಿ ಗೀರಿದರು. ಒಲೆಗೆ ಕೊಳವೆ ಕೂಡಿಸುವ ಹಿತ್ತಾಳೆಯ ನಟ್ಟು ಒಡೆದು ಅನಿಲ ಸೋರಿತ್ತು. ಸ್ಫೋಟ ದೊಡ್ಡದೇನಲ್ಲ, ಆಕೆಯೂ ಬದುಕಿದರು, ಒಲೆಯೂ ಉಳಿಯಿತು. ಆದರೆ ಮೂಲೆಯ ಹೊರಗೋಡೆ ಹಾರಿಹೋಯಿತು. ಆಧಾರ ತಪ್ಪಿದ ಮೇಲಿನ ಮಹಡಿಗಳು ಕುಸಿದವು. ಆ ಹೊರೆ ಬಿದ್ದು ಕೆಳಗಿನವೂ ಒಂದೊಂದಾಗಿ ನೆಲದವರೆಗೆ ಇಳಿದವು. ಸತ್ತವರು ನಾಲ್ವರು, ಗಾಯಗೊಂಡವರು 17 ಮಂದಿ. ಕುಸಿದ ಮೂಲೆಯಲ್ಲಿದ್ದವು ಬಹುಪಾಲು ಹಜಾರಗಳು. ಆ ಹೊತ್ತಿಗೆ ಜನ ಮಲಗುವ ಕೋಣೆಯಲ್ಲಿದ್ದುದರಿಂದ ಅನೇಕ ಜೀವ ಉಳಿದವು.

ವಕೀಲ ಹ್ಯೂ ಗ್ರಿಫಿತ್ಸ್ ಅಧ್ಯಕ್ಷತೆಯ ವಿಚಾರಣಾ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. 1970ರಲ್ಲಿ ಬ್ರಿಟನ್ನಿನ ಕಟ್ಟಡ ನಿಯಮಗಳು ಬದಲಾದವು: ಐದು ಅಂತಸ್ತು ಮತ್ತು ಅದಕ್ಕೂ ಎತ್ತರದ ಕಟ್ಟಡದಲ್ಲಿ ಒಂದು ಭಾಗ ಹೋದರೆ ಉಳಿದದ್ದೆಲ್ಲ ಅದರ ಹಿಂದೆ ಬೀಳಬಾರದು. ಜಗತ್ತಿನ ಎಂಜಿನಿಯರುಗಳು ಇಂದಿಗೂ ಪಾಲಿಸುವ ಈ ತತ್ವಕ್ಕೆ ಕ್ಯಾನಿಂಗ್ ಟೌನಿನ ನಾಲ್ಕು ಸಾವುಗಳೇ ದೊಡ್ಡ ಕಾರಣ.

ಆಮೇಲೆ ರಿಪೇರಿ. ಬಿದ್ದ ಮೂಲೆಯನ್ನು ಮತ್ತೆ ಕಟ್ಟಿದರು. ಗೋಡೆ ಚಾವಣಿ ಕೂಡುವಲ್ಲಿ ಉಕ್ಕಿನ ಮೂಲೆಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದರು. ಅನಿಲ ತೆಗೆದು ವಿದ್ಯುತ್ ಒಲೆ ಕೊಟ್ಟರು. ಜನ ಮತ್ತೆ ವಾಸಕ್ಕೆ ಬಂದರು. ಕಣ್ಣಿಗೆ ಕಾಣುವ ಕೆಲಸ ಮುಗಿಯಿತು. ಆದರೆ ಹಳೆಯ ಸಂದುಗಳನ್ನು ಬಿಚ್ಚಿ ಒಳಗೇನಿದೆ ಎಂದು ನೋಡುವ ಕೆಲಸ ಆಗಲಿಲ್ಲ.

ಒಳಗೆ ಬಾಳಿದವರಿಗೆ ಅನುಮಾನವಿತ್ತು. ಗೋಡೆಯಲ್ಲಿ ಬಿರುಕು ಬಿಡುತ್ತಿತ್ತು. ಪಕ್ಕದ ಮನೆಯ ಮಾತು ಕೇಳುತ್ತಿತ್ತು, ಅಡುಗೆಯ ವಾಸನೆ ಬರುತ್ತಿತ್ತು. ವಾಸನೆ ನುಸುಳುವ ದಾರಿಯಲ್ಲಿ ಹೊಗೆಯೂ ಬೆಂಕಿಯೂ ನುಸುಳುತ್ತವೆ. ವಾಸ್ತುಶಿಲ್ಪಿ ಸ್ಯಾಮ್ ವೆಬ್ ಈ ಜನರ ಮಾತನ್ನು ನಂಬಿ, ವರ್ಷಗಟ್ಟಲೆ ಪಟ್ಟುಹಿಡಿದು ಎಚ್ಚರಿಸಿದರು. 1984ರಲ್ಲಿ ಕಟ್ಟಡದೊಳಗೆ ಬೆಂಕಿಯ ಪರೀಕ್ಷೆ ನಡೆಸಿದಾಗ, ಅದನ್ನು ಹೊತ್ತಿಗೆ ಮುಂಚೆ ನಿಲ್ಲಿಸಬೇಕಾಯಿತು. ಕೌನ್ಸಿಲ್ ನಿವಾಸಿಗಳನ್ನು ಬೇರೆಡೆಗೆ ಕಳಿಸಿತು.

1986ರಲ್ಲಿ ಗೋಪುರವನ್ನು ಸಿಡಿಸದೆ, ಮಹಡಿ ಮಹಡಿಯಾಗಿ, ಚಪ್ಪಡಿ ಚಪ್ಪಡಿಯಾಗಿ ಬಿಚ್ಚಿದರು. ಸತ್ಯ ಹೊರಬಂದದ್ದು ಆಗ. ಗಾರೆ ಇರಬೇಕಾದಲ್ಲಿ ಎಷ್ಟೋ ಕಡೆ ಪೊಳ್ಳು. ಕೆಲವೆಡೆ ಹಳೆಯ ಪತ್ರಿಕೆಯ ಕಾಗದ, ಕಸ. ಮಟ್ಟ ನೋಡಲೆಂದು ಹಾಕಿದ ಬೋಲ್ಟುಗಳ ಮೇಲೆಯೇ ಗೋಡೆಗಳು ಭಾರ ಬಿಟ್ಟು ನಿಂತಿದ್ದವು. 18 ವರ್ಷ ಜನ ಹೇಳಿದ್ದು ಸಂದಿನೊಳಗೆ ಸಾಕ್ಷಿಯಾಗಿ ಕೂತಿತ್ತು. ಉಳಿದ ಎಂಟು ಗೋಪುರಗಳನ್ನೂ ಮುಂದೆ ಕೆಡವಿದರು.

ಪಾಠ ಕಲಿತು ಮುಗಿಯಲಿಲ್ಲ. 2017ರ ಜೂನಿನಲ್ಲಿ ಲಂಡನ್ನಿನ ಇನ್ನೊಂದು ಮೂಲೆಯ ಗ್ರೆನ್‌ಫೆಲ್ ಗೋಪುರ ಉರಿದು 72 ಜನ ಸತ್ತರು. ಆ ಬೆಂಕಿಯ ಕಾರಣ ಬೇರೆ. ಆದರೆ ಅಲ್ಲಿಯೂ ನಿವಾಸಿಗಳು ಮೊದಲೇ ಎಚ್ಚರಿಸಿದ್ದರು. ಅದಾದ ಮೇಲೆ ಲಂಡನ್ನಿನದೇ ಪೆಕ್‌ಹ್ಯಾಮಿನ ಲೆಡ್‌ಬರಿ ಬಡಾವಣೆಯವರು ತಮ್ಮ ಗೋಡೆಗಳ ಬಿರುಕನ್ನು ನೋಡಲೇಬೇಕೆಂದು ಹಟ ಹಿಡಿದರು. ಅವೂ ಚಪ್ಪಡಿ ಜೋಡಿಸಿದ ಗೋಪುರಗಳೇ. ರೋನಾನ್ ಪಾಯಿಂಟ್ ಬಿದ್ದು ಸುಮಾರು ಐವತ್ತು ವರ್ಷವಾದರೂ ಲೆಡ್‌ಬರಿಯಲ್ಲಿ ಅಡುಗೆ ಅನಿಲ ಹರಿಯುತ್ತಿತ್ತು. 2017ರ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿದರು.

ನಮ್ಮ ಊರುಗಳಲ್ಲೂ ಈಗ ಎರಕದ ಚಪ್ಪಡಿಗಳಿಂದ ಮಹಡಿಮನೆಗಳು ಏಳುತ್ತಿವೆ, ಬಡವರ ಮನೆಗಳೂ ಸೇರಿ. ಗೋಡೆ ಬಿರುಕು ಬಿಟ್ಟರೆ ಸಿಮೆಂಟು ಬಳಿದು ಬಣ್ಣ ಹೊಡೆಯುವುದು ಸುಲಭ. ಅದಕ್ಕೆ ಮುಂಚೆ ಸಂದು ಬಿಚ್ಚಿ ನೋಡಿ. ಆ ಮನೆಯಲ್ಲಿ ಇರುವವರನ್ನು ಕೇಳಿ. ಗೋಡೆ ಯಾವಾಗ ಸದ್ದು ಮಾಡಿತು, ನೀರು ಎಲ್ಲಿಂದ ಇಳಿಯಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಕ್ಯಾನಿಂಗ್ ಟೌನಿನಲ್ಲಿ ಗೋಪುರಗಳಿದ್ದ ನೆಲದ ಮೇಲೆ ಈಗ ಎರಡಂತಸ್ತಿನ ಮನೆಗಳಿವೆ, ಹಿಂದೆ ಪುಟ್ಟ ಕೈತೋಟಗಳಿವೆ.