ಒಂದಾದ ಸಭೆ

ಹಳೆಯ ಪುಸ್ತಕ ಅರಸಿ ರಾಜಾಜಿನಗರದಿಂದ ಅವೆನ್ಯೂ ರಸ್ತೆಗೆ ಹೋದಾಗಲೆಲ್ಲ ನಾನು ರೈಸ್ ಸ್ಮಾರಕ ಚರ್ಚಿನೆದುರು ಅರೆಗಳಿಗೆ ನಿಲ್ಲುವುದುಂಟು. ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಅವರ ತಂದೆ, ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ನೆನಪಿನ ಚರ್ಚು ಅದು. ಅನತಿ ದೂರದ ಹಡ್ಸನ್ ಚರ್ಚು ವೆಸ್ಲಿಯನ್ ಮೆಥಡಿಸ್ಟರು ಕಟ್ಟಿಸಿದ್ದು. ಎರಡರಲ್ಲೂ ಪ್ರಾರ್ಥನೆ ಕನ್ನಡದಲ್ಲಿ. ಆದರೂ ಪಂಗಡ ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿ ಎಂದೋ ಹುಟ್ಟಿದ ಭಿನ್ನಮತವನ್ನು ಬೆಂಗಳೂರಿನ ಕನ್ನಡಿಗರು ಏಕೆ ಹೊರಬೇಕಿತ್ತು?

ಆ ಹೊರೆ ಇಳಿದದ್ದು ಸ್ವಾತಂತ್ರ್ಯ ಬಂದ ಆರು ವಾರಗಳ ಮೇಲೆ, ೧೯೪೭ರ ಸೆಪ್ಟೆಂಬರ್ ೨೭ರಂದು, ಮದರಾಸಿನಲ್ಲಿ. ದಕ್ಷಿಣದ ಆಂಗ್ಲಿಕನರು, ಮೆಥಡಿಸ್ಟರು, ಲಂಡನ್ ಮಿಷನ್ನಿನ ಸಭೆಗಳು ೧೯೦೮ರಲ್ಲೇ ಸೇರಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯಾದರು. ಬಿಷಪ್ಪರುಳ್ಳ ಸಭೆಯೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಒಂದಾದದ್ದು ಸಣ್ಣ ಮಾತಲ್ಲ. ಭಿನ್ನಮತದ ತವರಾದ ಇಂಗ್ಲೆಂಡಿನಲ್ಲೇ ಆಂಗ್ಲಿಕನ್–ಮೆಥಡಿಸ್ಟ್ ಐಕ್ಯದ ಯತ್ನ ೧೯೭೨ರಲ್ಲಿ ಮುರಿದುಬಿತ್ತು.

ಪರದೇಶದ ಗೋಡೆಯನ್ನು ನಮ್ಮವರು ಕೆಡವಿದರು, ನಿಜ. ಆದರೆ ಜಾತಿಯೆಂಬುದು ನಮ್ಮದೇ ಗೋಡೆ. ಅದು ಚರ್ಚಿನ ಹೊರಗೂ ಇದೆ, ಒಳಗೂ ಇದೆ. ಅದು ಬಿದ್ದ ತಾರೀಖನ್ನು ಯಾವ ಚರಿತ್ರೆಯೂ ಇನ್ನೂ ಬರೆದುಕೊಂಡಿಲ್ಲ.