ಹಿಬ್ರಿಯ, ಇಸ್ರಯೇಲ, ಯೆಹೂದ್ಯ: ಮೂರು ಹೆಸರುಗಳ ಇತಿಹಾಸ

ಪವಿತ್ರ ಗ್ರಂಥವನ್ನು ಬೋಧಿಸುವಾಗ ಹಿಬ್ರಿಯ, ಇಸ್ರಯೇಲ, ಯೆಹೂದ್ಯ ಎಂಬ ಹೆಸರುಗಳನ್ನು ನಾವು ಒಂದೇ ಅರ್ಥದ ಪದಗಳಂತೆ ಬಳಸುತ್ತೇವೆ. ಆದರೆ ಅವು ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದವು. ಈ ವ್ಯತ್ಯಾಸವನ್ನು ಮರೆತರೆ, ಶುಭ ಶುಕ್ರವಾರದ ವಾಚನವನ್ನು ವಿವರಿಸುವಾಗ ಇಡೀ ಜನಾಂಗದ ಮೇಲೆ ಅಪರಾಧ ಹೊರಿಸುವ ಅಪಾಯವಿದೆ.

'ಹಿಬ್ರಿಯ' ಎಂಬ ಹೆಸರು ಮೊದಲು ಅಬ್ರಾಮನಿಗೆ ಸಲ್ಲುತ್ತದೆ (ಆದಿಕಾಂಡ 14:13). ಅದು ಪೂರ್ವಜನಾದ ಎಬೆರನಿಂದ ಬಂದಿರಬಹುದು, 'ದಾಟು' ಎಂಬ ಧಾತುವಿನಿಂದಲೂ ಬಂದಿರಬಹುದು. ಪ್ರಾಚೀನ ಗ್ರೀಕ್ ಭಾಷಾಂತರಕಾರರು ಇಲ್ಲಿ 'ದಾಟಿ ಬಂದವನು' ಎಂದೇ ಅರ್ಥೈಸಿದರು. ಕ್ರಿ.ಪೂ. 14ನೇ ಶತಮಾನದ ಅಮಾರ್ನಾ ಪತ್ರಗಳಲ್ಲಿ ಕಾಣುವ 'ಹಾಬಿರು' ಪದಕ್ಕೂ ಇದಕ್ಕೂ ಧ್ವನಿಸಾಮ್ಯವಿದೆ. ಆದರೆ ಹಾಬಿರು ಎಂಬುದು ನೆಲೆ ತಪ್ಪಿದವರ ಸಾಮಾಜಿಕ ವರ್ಗವೇ ಹೊರತು ಜನಾಂಗವಲ್ಲ. ಆದುದರಿಂದ ಎರಡನ್ನೂ ಒಂದೆನ್ನುವುದು ಅವಸರವಾದೀತು. ಬೈಬಲಿನಲ್ಲಿ ಈ ಹೆಸರು ಹೆಚ್ಚಾಗಿ ಪರಕೀಯರ ಬಾಯಲ್ಲಿ ಅಥವಾ ಪರಕೀಯರ ಮುಂದೆ ಬರುತ್ತದೆ. ಯೋನನು ನಾವಿಕರಿಗೆ ತನ್ನ ಪರಿಚಯ ಹೇಳಿಕೊಳ್ಳುವುದು ಹೀಗೆಯೇ.

'ಇಸ್ರಯೇಲ' ಯಕೋಬನಿಗೆ ದೇವರಿತ್ತ ಹೆಸರು. ಬೈಬಲಿನ ಹೊರಗೆ ಅದರ ಅತಿ ಪ್ರಾಚೀನ ನಿಸ್ಸಂದೇಹ ಉಲ್ಲೇಖ ದೊರೆಯುವುದು 1896ರಲ್ಲಿ ಫ್ಲಿಂಡರ್ಸ್ ಪೀಟ್ರಿಯವರು ಥೀಬ್ಸ್‌ನಲ್ಲಿ ಕಂಡ, ಕ್ರಿ.ಪೂ. 1208ರ ಸುಮಾರಿನ ಮೆರ್ನೆಪ್ತಾ ಶಿಲಾಶಾಸನದಲ್ಲಿ. ಅದರಲ್ಲಿ ಅಷ್ಕೆಲೋನ್, ಗೆಜೆರ್ ಹೆಸರುಗಳಿಗೆ ನಾಡನ್ನು ಸೂಚಿಸುವ ಚಿಹ್ನೆಯಿದ್ದರೆ, ಇಸ್ರಯೇಲಿಗೆ ಜನರನ್ನು ಸೂಚಿಸುವ ಚಿಹ್ನೆಯಿದೆ. ಮುಂದೆ ಇದು ಉತ್ತರ ರಾಜ್ಯದ ಹೆಸರಾಯಿತು. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯರಿಂದ ಆ ರಾಜ್ಯ ಅಳಿದರೂ ಹೆಸರು ಅಳಿಯಲಿಲ್ಲ. ಒಡಂಬಡಿಕೆಯ ಪ್ರಜೆಯ ಹೆಸರಾಗಿ ಯೂದಾಯದಲ್ಲಿ ಉಳಿಯಿತು.

'ಯೆಹೂದ್ಯ' ಎಂಬುದು ಮೊದಲು ಯೆಹೂದ ಕುಲದ, ಬಳಿಕ ದಕ್ಷಿಣ ರಾಜ್ಯದ ಹೆಸರು. ಬಾಬಿಲೋನಿನ ಸೆರೆವಾಸದ ನಂತರ ಆ ಪ್ರಾಂತ್ಯ ಪರ್ಷಿಯದ ಆಡಳಿತದಲ್ಲಿ 'ಯೆಹೂದ್' ಎನಿಸಿತು; ಅಲ್ಲಿನ ನಾಣ್ಯಗಳಲ್ಲೂ ಅದೇ ಹೆಸರಿದೆ. ಎಸ್ತೇರಳ ಗ್ರಂಥವು ಮೊರ್ದೆಕೈಯನ್ನು ಒಂದೇ ವಚನದಲ್ಲಿ ಯೆಹೂದ್ಯನೆಂದೂ ಬೆನ್ಯಾಮೀನನ ಕುಲದವನೆಂದೂ ಕರೆಯುತ್ತದೆ (2:5). ಕುಲದ ಹೆಸರು ಜನಾಂಗದ ಹೆಸರಾಗಿ ಬೆಳೆದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹೊಸ ಒಡಂಬಡಿಕೆಗೆ ಬರೋಣ. ಮಾರ್ಕನ 15ನೇ ಅಧ್ಯಾಯದಲ್ಲಿ ಪಿಲಾತನು 'ಯೆಹೂದ್ಯರ ಅರಸ' ಎನ್ನುತ್ತಾನೆ. ಶಿಲುಬೆಯ ಬಳಿ ಹಾಸ್ಯಮಾಡುವ ಮುಖ್ಯಯಾಜಕರಾದರೋ 'ಇಸ್ರಯೇಲಿನ ಅರಸ' ಎನ್ನುತ್ತಾರೆ. ಹೊರಗಿನವರ ಮಾತು ಬೇರೆ, ಒಳಗಿನವರ ಮಾತು ಬೇರೆ. ಯೊವಾನ್ನನ ಶುಭಸಂದೇಶದಲ್ಲಿ 'ಯೆಹೂದ್ಯರು' ಎಂಬ ಪದ ಸುಮಾರು 70 ಬಾರಿ ಬರುತ್ತದೆ. ಅರ್ಥ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಹುಟ್ಟುಕುರುಡನ ತಂದೆತಾಯಿಯರು 'ಯೆಹೂದ್ಯರಿಗೆ' ಅಂಜಿದರು (9:22). ಅವರೂ ಯೆಹೂದ್ಯರೇ! ಅಲ್ಲಿ ಆ ಪದ ಅಧಿಕಾರಸ್ಥರನ್ನು ಸೂಚಿಸುತ್ತದೆ. ಇದೇ ಶುಭಸಂದೇಶದಲ್ಲಿ ಯೇಸುಸ್ವಾಮಿ ಉದ್ಧಾರವು ಯೆಹೂದ್ಯರಿಂದಲೇ ಬರುವುದೆಂದು ಸಮಾರ್ಯದ ಸ್ತ್ರೀಗೆ ತಿಳಿಸುತ್ತಾರೆ (4:22).

ಈ ವಿವೇಚನೆಯಿಲ್ಲದ ಬೋಧನೆ ಶತಮಾನಗಳ ಕಾಲ ದ್ವೇಷಕ್ಕೆ ಇಂಬುಕೊಟ್ಟಿತು. 1959ರಲ್ಲಿ ಜಗದ್ಗುರು 23ನೇ ಜಾನ್‌ರವರು ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹಳಿಯುವ ವಿಶೇಷಣವನ್ನು ತೆಗೆಸಿದರು. 1965ರ ಅಕ್ಟೋಬರ್ 28ರಂದು ಪ್ರಕಟವಾದ 'ನೋಸ್ತ್ರಾ ಎತಾತೆ' ಘೋಷಣೆಯು, ಕ್ರಿಸ್ತರ ಪಾಡುಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸಾರಿತು.

ವಾಚನದ ಪಠ್ಯವನ್ನು ಬದಲಿಸುವ ಅಧಿಕಾರ ನಮಗಿಲ್ಲ. ಅದನ್ನು ವಿವರಿಸುವ ಹೊಣೆಯಿದೆ. 'ಯೆಹೂದ್ಯರು' ಎಂದು ಓದುವ ಮುನ್ನ ಅಲ್ಲಿ ಯಾರ ಮಾತು ನಡೆದಿದೆಯೆಂದು ವಿಚಾರಿಸೋಣ. ನಮ್ಮ ಪ್ರಭುವೂ ಅವರ ತಾಯಿ ಮರಿಯಮ್ಮನವರೂ ಹೊತ್ತ ಹೆಸರು ಅದೇ ಅಲ್ಲವೇ?