ಮೂಕಿಯುಗದ ಮಾತುಗಳು: ಚಿತ್ರಗಳು ಉಳಿಯಲಿಲ್ಲ, ನೆನಪುಗಳು ಉಳಿದವು

ರಾಜಾಜಿನಗರದ ನವರಂಗ್ ವೃತ್ತಕ್ಕೆ ಹೆಸರು ಬಂದದ್ದು ಒಂದು ಚಿತ್ರಮಂದಿರದಿಂದ. ಬಡಾವಣೆಗೆ ಸಮೀಪದಲ್ಲೇ 1966ರಲ್ಲಿ ಕಂಠೀರವ ಸ್ಟುಡಿಯೋ ಸ್ಥಾಪನೆಯಾಯಿತು. ಸಿನಿಮಾದೊಂದಿಗೆ ಇಷ್ಟು ಬೆರೆತಿರುವ ಈ ಬಡಾವಣೆ ರೂಪುಗೊಂಡದ್ದು 1940ರ ದಶಕದ ಕೊನೆಯಲ್ಲಿ. ಅಷ್ಟರಲ್ಲಾಗಲೇ ಬೆಂಗಳೂರಿನ ಮೂಕಿ ಚಿತ್ರಗಳ ಕಾಲ ಮುಗಿದು ಸುಮಾರು ಹದಿನೈದು ವರ್ಷಗಳು ಸಂದಿದ್ದವು. ಆ ಕಾಲದ ಚಿತ್ರಗಳು ಇಂದು ನೋಡಲು ಸಿಗುವುದಿಲ್ಲ. ಅವುಗಳಲ್ಲಿ ದುಡಿದವರು ಬರೆದಿಟ್ಟ, ಹೇಳಿಟ್ಟ ಮಾತುಗಳೇ ನಮಗೆ ಉಳಿದಿರುವ ಮುಖ್ಯ ಆಧಾರ.

ಚಿತ್ರಗಳು ಏಕೆ ಉಳಿಯಲಿಲ್ಲ?

ಭಾರತದಲ್ಲಿ 1,300ರಷ್ಟು ಮೂಕಿ ಚಿತ್ರಗಳು ತಯಾರಾದವೆಂದು ಅಂದಾಜು. ಪೂರ್ಣವಾಗಿಯೋ ತುಣುಕುಗಳಾಗಿಯೋ ಉಳಿದಿರುವವು ಅದರಲ್ಲಿ ತೀರಾ ಅಲ್ಪ ಭಾಗ. ಆಗಿನ ನೈಟ್ರೇಟ್ ಫಿಲಂ ಸುಲಭವಾಗಿ ಬೆಂಕಿಗೆ ತುತ್ತಾಗುತ್ತಿತ್ತು. ಸೆಕೆಯಲ್ಲಿ ತಾನಾಗಿಯೇ ಕೊಳೆಯುತ್ತಿತ್ತು. ವಾಕ್ಚಿತ್ರ ಬಂದ ಮೇಲೆ ಹಳೆಯ ಪ್ರತಿಗಳಿಗೆ ಬೆಲೆ ಇಲ್ಲವಾಯಿತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರೊಳಗೆ ಬಹುಪಾಲು ನಷ್ಟವಾಗಿ ಹೋಗಿತ್ತು.

ಬೆಂಗಳೂರಿನಲ್ಲಿ ಮೂಕಿ

ಹರಿಭಾಯಿ ದೇಸಾಯಿ ಅವರ ಸೂರ್ಯ ಫಿಲಂ ಕಂಪನಿಯು 1929ರ ಸುಮಾರಿನಲ್ಲಿ ಬೆಂಗಳೂರಿನಲ್ಲಿ ಚಿತ್ರ ತಯಾರಿಕೆ ಆರಂಭಿಸಿತು. ಜರ್ಮನಿಯಲ್ಲಿ ತರಬೇತಿ ಪಡೆದ ಮೋಹನ್ ಭವನಾನಿ ಶೂದ್ರಕನ 'ಮೃಚ್ಛಕಟಿಕ'ವನ್ನು 'ವಸಂತಸೇನಾ' ಎಂಬ ಹೆಸರಿನಲ್ಲಿ ತೆರೆಗೆ ತಂದರು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಅದರಲ್ಲಿ ಅಭಿನಯಿಸಿದರು. ರಂಗಭೂಮಿಯ ದಿಗ್ಗಜ ಗುಬ್ಬಿ ವೀರಣ್ಣನವರು ಬೆಲ್ಜಿಯಂನ ರಾಫೆಲ್ ಆಲ್ಗೋಯೆಟ್ ನಿರ್ದೇಶನದ 'ಹಿಸ್ ಲವ್ ಅಫೇರ್' (1931) ಹಾಗೂ ವೈ.ವಿ. ರಾವ್ ನಿರ್ದೇಶನದ 'ಹರಿಮಾಯಾ' (1932) ಚಿತ್ರಗಳಲ್ಲಿ ಪಾಲ್ಗೊಂಡರು. ಕರಾವಳಿಯ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ 'ಡೊಮಿಂಗೊ' ಮತ್ತು 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳ ಪ್ರಯೋಗಕ್ಕೆ ಕೈಹಾಕಿದರು.

ಬಂಡವಾಳ ಒಬ್ಬರದು, ನಿರ್ದೇಶನ ಮತ್ತೊಬ್ಬರದು, ಭಾಷೆಯಂತೂ ಯಾರದೂ ಅಲ್ಲ. ದೃಶ್ಯಗಳ ನಡುವೆ ತೋರಿಸುವ ಬರಹದ ಫಲಕಗಳನ್ನು ಬದಲಿಸಿದರೆ ಒಂದೇ ಚಿತ್ರವನ್ನು ಯಾವ ಪ್ರಾಂತ್ಯದಲ್ಲಾದರೂ ತೋರಿಸಬಹುದಿತ್ತು. ಆದ್ದರಿಂದ 'ಕನ್ನಡದ ಮೂಕಿ ಚಿತ್ರ' ಎಂಬ ಮಾತಿಗೆ ಅರ್ಥ ಕೊಡುವುದು ಅದರಲ್ಲಿ ದುಡಿದ ಜನರು ಮತ್ತು ಚಿತ್ರೀಕರಣ ನಡೆದ ಸ್ಥಳಗಳು ಮಾತ್ರ.

ಬರೆದಿಟ್ಟವರು

ದಾದಾಸಾಹೇಬ್ ಫಾಲ್ಕೆ ಅವರು 'ರಾಜಾ ಹರಿಶ್ಚಂದ್ರ'ದ (1913) ಅನುಭವಗಳನ್ನು 1917-18ರಲ್ಲಿ ಮರಾಠಿಯ 'ನವಯುಗ' ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಬರೆದರು. ತಾರಾಮತಿಯ ಪಾತ್ರಕ್ಕೆ ಮಹಿಳೆಯರು ಒಪ್ಪದೆ, ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಬೇಕಾಯಿತು. ಇದಾಗಿ ಎರಡು ದಶಕ ತುಂಬುವ ಮುನ್ನವೇ ಕಮಲಾದೇವಿಯವರಂಥ ಸುಶಿಕ್ಷಿತ ಮಹಿಳೆ ಕ್ಯಾಮೆರಾ ಮುಂದೆ ನಿಂತರೆಂಬುದನ್ನು ನೆನೆದರೆ ಆ ಹೆಜ್ಜೆಯ ತೂಕ ತಿಳಿಯುತ್ತದೆ.

ಟಿ. ರಂಗಾಚಾರಿಯಾರ್ ಅಧ್ಯಕ್ಷತೆಯ ಚಲನಚಿತ್ರ ಸಮಿತಿಯು 1927-28ರಲ್ಲಿ ದೇಶದ ಹಲವೆಡೆ ಸಂಚರಿಸಿ ನಿರ್ಮಾಪಕರು, ಪ್ರದರ್ಶಕರು, ಅಧಿಕಾರಿಗಳ ಸಾಕ್ಷ್ಯವನ್ನು ಸಂಗ್ರಹಿಸಿ ಸಂಪುಟಗಳಲ್ಲಿ ಅಚ್ಚು ಹಾಕಿಸಿತು. ಚಿತ್ರರಂಗದ ಜನರು ಕೆಲಸ ನಡೆಯುತ್ತಿದ್ದ ಕಾಲದಲ್ಲೇ ಆಡಿದ ಮಾತುಗಳು ಅಲ್ಲಿವೆ.

ಕನ್ನಡದಲ್ಲಿ ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ', ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಹಾಗೂ ಮೊದಲ ವಾಕ್ಚಿತ್ರದ ಪೀಳಿಗೆಯ ಆರ್. ನಾಗೇಂದ್ರರಾಯರ 'ಇದು ನನ್ನ ಕಥೆ' ಎಂಬ ಆತ್ಮಕಥೆಗಳು ಈ ಕಾಲವನ್ನು ಅರಿಯಲು ಅಗತ್ಯ. ಕೈಯಿಂದ ತಿರುಗಿಸುವ ಕ್ಯಾಮೆರಾ, ಸೂರ್ಯನ ಬೆಳಕನ್ನೇ ನೆಚ್ಚಿದ ಚಿತ್ರೀಕರಣ, ಧ್ವನಿಮುದ್ರಣವಿಲ್ಲದ ಕಾರಣ ನಟನಿಗೆ ಕೇಳುವಂತೆ ಕೂಗುತ್ತಿದ್ದ ನಿರ್ದೇಶಕ: ಇಂಥ ವಾತಾವರಣದಲ್ಲಿ ದುಡಿದವರ ಬದುಕು ಇಂಥ ಪುಸ್ತಕಗಳ ಹೊರತು ಬೇರೆಡೆ ಸಿಗುವುದು ವಿರಳ.

ನೆನಪಿನ ಮಿತಿ

ಆತ್ಮಕಥೆಗಳು ಬಹುಪಾಲು ದಶಕಗಳ ನಂತರ ಬರೆದವು. ವರ್ಷಗಳು ಹಿಂದುಮುಂದಾಗುವುದು ಸಹಜ. 'ವಸಂತಸೇನಾ' ಚಿತ್ರದ ವರ್ಷವನ್ನೇ ಕೆಲವರು 1929 ಎಂದರೆ ಇನ್ನು ಕೆಲವರು 1930, 1931 ಎನ್ನುತ್ತಾರೆ. ಒಬ್ಬರ ನೆನಪನ್ನು ಪತ್ರಿಕಾ ಜಾಹೀರಾತು, ಸೆನ್ಸಾರ್ ದಾಖಲೆ, ಕರಪತ್ರಗಳೊಂದಿಗೆ ತಾಳೆ ನೋಡಿದಾಗಲೇ ಅದು ಇತಿಹಾಸವಾಗುತ್ತದೆ. ಅಲ್ಲದೆ ಬರೆದವರು ಹೆಸರಾಂತರು. ಕ್ಯಾಮೆರಾ ಹೊತ್ತವರು, ಫಿಲಂ ತೊಳೆದವರು, ಬಣ್ಣ ಹಚ್ಚಿದವರು ಬರೆಯಲಿಲ್ಲ. ಅವರನ್ನು ಕೇಳಿದವರೂ ಕಡಿಮೆ. ಇಂಗ್ಲೆಂಡಿನ ಕೆವಿನ್ ಬ್ರೌನ್‌ಲೋ ಹಾಲಿವುಡ್‌ನ ವಯೋವೃದ್ಧ ಕಲಾವಿದರು, ತಂತ್ರಜ್ಞರ ಮಾತುಗಳನ್ನು ಸಂಗ್ರಹಿಸಿ 1968ರಲ್ಲಿ ಪುಸ್ತಕ ಹೊರತಂದರು. ನಮ್ಮಲ್ಲಿ ಆ ಪ್ರಮಾಣದ ಕೆಲಸ ಸಕಾಲದಲ್ಲಿ ನಡೆಯಲಿಲ್ಲ.

ಈಗ ಆಗಬೇಕಾದದ್ದು

ಆ ಪೀಳಿಗೆಯವರನ್ನು ಇನ್ನು ಕೇಳಲಾಗದು. ಆದರೆ ಅವರ ಮನೆಗಳ ಪೆಟ್ಟಿಗೆಗಳಲ್ಲಿ ಭಾವಚಿತ್ರ, ಕಾಗದಪತ್ರ, ಲೆಕ್ಕದ ಪುಸ್ತಕಗಳು ಉಳಿದಿರಬಹುದು. ರಾಜಾಜಿನಗರ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಮೊದಲು ರದ್ದಿ ಅಂಗಡಿ ಸೇರುವುದು ಇಂಥ ಕಾಗದಗಳೇ. ಏಣಾಕ್ಷಿ ಅಭಿನಯಿಸಿದ 'ಶಿರಾಜ್' (1928) ಬ್ರಿಟನ್ನಿನಲ್ಲಿ ಉಳಿದು, 2017ರಲ್ಲಿ ಪುನರುಜ್ಜೀವನಗೊಂಡಿತು. ಅವರ ಮುಖವನ್ನು ಇಂದೂ ನೋಡಬಹುದು. 'ವಸಂತಸೇನಾ'ಕ್ಕೆ ಆ ಭಾಗ್ಯವಿಲ್ಲ. ಮನೆಯಲ್ಲಿ ಹಳೆಯ ಆಲ್ಬಮ್ ಸಿಕ್ಕರೆ ಎಸೆಯುವ ಮುನ್ನ ಹಿರಿಯರನ್ನು ಕೂರಿಸಿಕೊಂಡು ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಹಿಂಬದಿಯಲ್ಲಿ ಬರೆದಿಡುವುದು ಒಳಿತು.

ಪ್ರಮುಖ ವರ್ಷಗಳು

1913: 'ರಾಜಾ ಹರಿಶ್ಚಂದ್ರ' ತೆರೆಗೆ
1927-28: ರಂಗಾಚಾರಿಯಾರ್ ಸಮಿತಿ
1931: ಮೊದಲ ಭಾರತೀಯ ವಾಕ್ಚಿತ್ರ 'ಆಲಂ ಆರಾ'
1934, ಮಾರ್ಚ್ 3: ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ